ರಾಕೆಟ್ಟು ತಳ್ಳುವುದು ಯಾವುದನ್ನು?

ತುಂಗಭದ್ರೆಯಲ್ಲಿ ಹರಿಗೋಲಿನಿಂದ ದಡಕ್ಕೆ ಜಿಗಿಯುವವರನ್ನು ಸಿರುಗುಪ್ಪ, ಹಚ್ಚೊಳ್ಳಿ ಕಡೆಯ ವಿದ್ಯಾರ್ಥಿಗಳು ಕಂಡಿರಬಹುದು. ಮನುಷ್ಯ ಮುಂದಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದ್ದೇ ಇರುತ್ತದೆ. ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ಚಲನ ನಿಯಮ ಇದೇ. ಈ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುತ್ತವೆ. ಆದ್ದರಿಂದಲೇ ಅವು ಒಂದನ್ನೊಂದು ಅಳಿಸಿಹಾಕುವುದಿಲ್ಲ.

ರಾಕೆಟ್ಟಿನ ಕಥೆಯೂ ಹೀಗೆಯೇ. ಅದರ ತವರು ಚೀನಾ. ಬಹುಕಾಲ ಅದರ ಕೊಳವೆ ಕಾಗದದ್ದೋ ಬಿದಿರಿನದೋ ಆಗಿರುತ್ತಿತ್ತು. 18ನೇ ಶತಮಾನದಲ್ಲಿ ಮೈಸೂರಿನ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಕಬ್ಬಿಣದ ಕೊಳವೆಯನ್ನು ಬಳಸಿತು. ಇದರಿಂದ ಆದ ಲಾಭವೇನು? ಮದ್ದು ಉರಿದಾಗ ಹುಟ್ಟುವ ಅನಿಲದ ಹೆಚ್ಚಿನ ಒತ್ತಡವನ್ನು ಕಬ್ಬಿಣ ಒಡೆಯದೆ ತಡೆದುಕೊಳ್ಳುತ್ತದೆ. ಅನಿಲ ಹೆಚ್ಚು ವೇಗದಿಂದ ಹಿಂದಕ್ಕೆ ಚಿಮ್ಮುತ್ತದೆ. ಅಷ್ಟೇ ಬಲವಾಗಿ ಕೊಳವೆ ಮುಂದಕ್ಕೆ ನೂಕಲ್ಪಡುತ್ತದೆ. 1780ರ ಪೊಳ್ಳಿಲೂರು ಕದನದಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದ ಸೈನ್ಯದ ಬಳಿ ಇಂಥ ರಾಕೆಟ್ಟುಗಳಿದ್ದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಕೆಲವು ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು. ಅವುಗಳಿಂದ ಪ್ರೇರಣೆ ಪಡೆದು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ ಅವು ಎರಗಿದವು.

ಆದರೂ ಒಂದು ತಪ್ಪು ತಿಳಿವಳಿಕೆ ಉಳಿದೇ ಇತ್ತು. ರಾಕೆಟ್ಟು ಹಿಂದಿನ ಗಾಳಿಯನ್ನು ಒತ್ತಿ ಮುಂದೆ ಹೋಗುತ್ತದೆ ಎಂದು ಅನೇಕರು ನಂಬಿದ್ದರು. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಅದು ಚಲಿಸಲಾರದೆಂದು 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದ ವಿಜ್ಞಾನಿ ರಾಬರ್ಟ್ ಗಾಡರ್ಡ್ ಅವರನ್ನು ಹಂಗಿಸಿತು. ಗಾಡರ್ಡ್ ಆ ವೇಳೆಗಾಗಲೇ ಗಾಳಿ ತೆಗೆದ ಕೊಳವೆಯೊಳಗೆ ರಾಕೆಟ್ಟನ್ನು ಉರಿಸಿ ನೋಡಿದ್ದರು! ರಾಕೆಟ್ಟು ತಳ್ಳುವುದು ತನ್ನದೇ ಅನಿಲವನ್ನು. ಅದಕ್ಕೆ ಗಾಳಿಯ ಆಸರೆ ಬೇಡ. 1969ರ ಜುಲೈ 16ರಂದು ಅಪೊಲೊ 11 ಚಂದ್ರನತ್ತ ಹೊರಟಿತು. ಮರುದಿನ ಪತ್ರಿಕೆ ತನ್ನ ತಪ್ಪನ್ನು ಒಪ್ಪಿಕೊಂಡಿತು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಪಾಳು ಬಾವಿಯೊಂದರಲ್ಲಿ ಟಿಪ್ಪು ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಅವುಗಳನ್ನು ಮಾಡಿದ ಕಮ್ಮಾರರಿಗೆ ನ್ಯೂಟನ್ನನ ಹೆಸರು ತಿಳಿದಿರಬೇಕಾಗಿರಲಿಲ್ಲ. ನಿಯಮ ತಿಳಿಯದಿದ್ದರೂ ಕೈ ಪಳಗಿದರೆ ರಾಕೆಟ್ಟು ಹಾರೀತು. ಆದರೆ ಅದು ಚಂದ್ರನನ್ನು ತಲುಪಬೇಕಾದರೆ ಲೆಕ್ಕ ಬೇಕು, ಲೆಕ್ಕಕ್ಕೆ ನಿಯಮ ಬೇಕು. ಕಮ್ಮಟದ ಕೈಚಳಕ, ಪಾಠದ ಸೂತ್ರ ಎರಡೂ ಕೂಡಿದಾಗಲೇ ವಿಜ್ಞಾನ ಮುನ್ನಡೆಯುತ್ತದೆ.