ಚಿಗರಿಯ ಬೇಟೆಗೆ ಮೊದಲ ರಾಯಫಲು

ಬೇಟೆಯನ್ನು ಕಲಿಯಬೇಕೆಂದಿರುವ ತರುಣನೊಬ್ಬನು ಮೊತ್ತಮೊದಲಿಗೆ ಎಷ್ಟು ಅಗಲದ ನಳಿಗೆಯುಳ್ಳ ರಾಯಫಲನ್ನು ಕೊಳ್ಳತಕ್ಕದ್ದು? ಮೃಗದ ತೂಕ, ಗುರಿಯ ದೂರ, ಹಿಡಿದವನ ಹೆಗಲಿನ ಶಕ್ತಿ, ಈ ಮೂರನ್ನು ನೋಡಿ ನಿಶ್ಚಯಿಸಬೇಕೆಂದು ಬೇಟೆಯ ಗ್ರಂಥಗಳು ಹೇಳುತ್ತವೆ. ಮಾತೇನೋ ಸರಿಯೇ. ಆದರೆ ನಮ್ಮ ದೇಶದ ಚರಿತ್ರೆಯನ್ನು ಪರಿಶೀಲಿಸಿದರೆ, ಈ ಮೂರಕ್ಕಿಂತಲೂ ಹೆಚ್ಚಾಗಿ ನಾಲ್ಕನೆಯದೊಂದು ಕಾರಣವು ಈ ಆಯ್ಕೆಯನ್ನು ನಡೆಯಿಸಿತೆಂದು ಕಾಣಬರುತ್ತದೆ. ಅದು ಆಳುವವರ ಭಯ. ಈಗ ಬೇಟೆಯು ಶಾಸನದಿಂದ ನಿಷೇಧಿಸಲ್ಪಟ್ಟಿರುವುದರಿಂದ ನಾವು ಯಾರಿಗೂ ಕೋವಿಯನ್ನು ಕೊಳ್ಳಿರೆಂದು ಹೇಳಹೊರಟಿಲ್ಲ. ಆ ಭಯದ ಕಥೆಯನ್ನು ಶ್ರೋತೃಗಳ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ಮೊದಲು ಅಳತೆಯ ವಿಷಯವನ್ನು ತಿಳಿದುಕೊಳ್ಳೋಣ. ಹಳೆಯ ಕಾಲದಲ್ಲಿ ಕೋವಿಯ ಬಾಯಿಯನ್ನು ಅಂಗುಲದಲ್ಲಿ ಅಳೆಯುತ್ತಿರಲಿಲ್ಲ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳನ್ನು ಎರಕ ಹೊಯ್ಯಬಹುದೋ ಅಷ್ಟನೆಯ ‘ಬೋರ್’ ಎಂದು ಅದನ್ನು ಕರೆಯುತ್ತಿದ್ದರು. ಹನ್ನೆರಡು ಗುಂಡುಗಳಾದರೆ 12 ಬೋರ್. ನಾಲ್ಕೇ ಆದರೆ 4 ಬೋರ್. ಆದುದರಿಂದ ಸಂಖ್ಯೆಯು ಕಿರಿದಾದಷ್ಟೂ ನಳಿಗೆಯು ಹಿರಿದು. ಮೈಸೂರು ಸಂಸ್ಥಾನದಲ್ಲಿ ಆನೆಗಳನ್ನು ಖೆಡ್ಡಾದಲ್ಲಿ ಹಿಡಿಯಿಸಿ ಪ್ರಸಿದ್ಧನಾದ ಸ್ಯಾಂಡರ್‌ಸನ್ ಎಂಬಾತನು ಆನೆಗೂ ಕಾಟಿಗೂ 4 ಬೋರಿನ ಕೋವಿಯನ್ನು ಹಿಡಿಯುತ್ತಿದ್ದನು. ಅದರ ಒಂದು ಗುಂಡಿಗೆ ಕಾಲು ಪೌಂಡು ಸೀಸ! ಮುಂದೆ ನಳಿಗೆಯೊಳಗೆ ಸುರುಳಿಯ ಗೀರುಗಳನ್ನು ಕೊರೆದ ರಾಯಫಲುಗಳೂ ಹೊಗೆಯಿಲ್ಲದ ಮದ್ದೂ ಬಂದ ಮೇಲೆ ಅಂಗುಲದ ಲೆಕ್ಕವು ರೂಢಿಗೆ ಬಂದಿತು. ನಮ್ಮ ಜನರು ‘ತ್ರೀ ನಾಟ್ ತ್ರೀ’ ಎನ್ನುವುದು ಅಂಗುಲದ ಸಾವಿರದಲ್ಲಿ 303 ಭಾಗವೆಂಬ ಅರ್ಥದಲ್ಲಿಯೇ.

ಈಗ ಸುಮಾರು 1910ರ ಕಲಬುರಗಿಯಲ್ಲಿ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಊರು ನಿಜಾಮರ ರಾಜ್ಯಕ್ಕೆ ಸೇರಿದುದು. ಮುಂಬಯಿ ಮದರಾಸುಗಳ ನಡುವಣ ರೈಲು ದಾರಿಯ ಮೇಲಿರುವುದು. ಬಹಮನಿಗಳ ಕೋಟೆಯೊಳಗೆ ಇಪ್ಪತ್ತೊಂಬತ್ತು ಅಡಿ ಉದ್ದದ ತೋಪು ಮಲಗಿದೆ; ಅದನ್ನು ನೋಡಿದ ಹುಡುಗನಿಗೆ ದೊಡ್ಡ ಬಾಯಿಯ ಆಯುಧವೇ ಶ್ರೇಷ್ಠವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಊರ ಹೊರಗೆ ಕಾಲಿಟ್ಟೊಡನೆ ಬೇರೆ ಪಾಠವಾಗುತ್ತದೆ. ಎರೆಭೂಮಿ, ಜೋಳ ತೊಗರಿಗಳನ್ನು ಕೊಯ್ದ ಮೇಲೆ ಮರೆಯೆಂಬುದೇ ಇಲ್ಲ. ಅಲ್ಲಿ ಮೇಯುವ ಕೃಷ್ಣಮೃಗವನ್ನು ನಮ್ಮ ಕಡೆಯವರು ಚಿಗರಿಯೆನ್ನುತ್ತಾರೆ. ಶಾಸ್ತ್ರಜ್ಞರ ಪ್ರಕಾರ ಅದು ಜಿಂಕೆಯ ಜಾತಿಯದಲ್ಲ, ಏಕೆಂದರೆ ಅದರ ಕೊಂಬು ವರ್ಷವರ್ಷವೂ ಉದುರುವುದಿಲ್ಲ. ಬೇಟೆಗಾರನಿಗೆ ಮಾತ್ರ ಈ ಭೇದದಿಂದ ಪ್ರಯೋಜನವೇನೂ ಇಲ್ಲ. ಕಾಲ್ನಡಿಗೆಯ ಮನುಷ್ಯನನ್ನು ಕಂಡರೆ ಅದು ನೂರೈವತ್ತು ಇನ್ನೂರು ಗಜಗಳಿಂದಲೇ ನೆಗೆದೋಡುತ್ತದೆ. ಎತ್ತಿನ ಗಾಡಿಗೆ ಅಷ್ಟಾಗಿ ಹೆದರುವುದಿಲ್ಲ. ಅದು ಕಂಡರಿತ ವಸ್ತು. ಆದುದರಿಂದ ಗಾಡಿಯ ಮಗ್ಗುಲಲ್ಲಿ ಅಡಗಿ, ನೇರವಾಗಿ ಹಿಂಡಿನ ಕಡೆಗೆ ಹೋಗದೆ ಬಳಸಿಕೊಂಡು ಸಮೀಪಿಸುವುದು ದಖ್ಖನಿನ ಹಳೆಯ ಉಪಾಯವಾಗಿದ್ದಿತು. ಅಷ್ಟಾದರೂ ನೂರು ಗಜಕ್ಕೆ ಕಡಿಮೆಯ ಗುರಿ ದೊರೆಯುವುದು ಅಪರೂಪ.

ಅದೇ ತರುಣನು ಹುಮನಾಬಾದಿನ ಹಾದಿಯನ್ನು ಹಿಡಿದು ಕಮಲಾಪುರದತ್ತ ಹೋದರೆ ನೆಲದ ರೂಪವೇ ಬೇರೆ. ಕೆಂಬಾಳೆಗೆ ಹೆಸರಾದ ಆ ಊರಿನ ಸುತ್ತ ತಗ್ಗುದಿಣ್ಣೆಗಳುಂಟು. ಅದರಾಚೆಗೆ ಚಿಂಚೋಳಿಯ ಕುರುಚಲು ಕಾಡು. ಕಾಡಿನಲ್ಲಿ ಗುರಿಯು ಐವತ್ತು ಅರವತ್ತು ಗಜದೊಳಗಿನದು. ಬಯಲಿನಲ್ಲಿ ಅದರ ಮೂರು ಪಾಲು. ಹೀಗೆ ಒಂದೇ ದಿನದ ಪ್ರಯಾಣದಲ್ಲಿ ಎರಡು ವಿಧದ ಆಯುಧಗಳು ಬೇಕಾಗುತ್ತವೆ.

ನಾಡಿನ ಬೇಡರು ಈ ಕಷ್ಟವನ್ನು ಒಂದೇ ತುಪಾಕಿಯಿಂದ ನಿವಾರಿಸಿಕೊಂಡಿದ್ದರು. ಅವರದು ಬತ್ತಿಯಿಂದ ಹಚ್ಚುವ ಉದ್ದ ನಳಿಗೆಯ ಕೋವಿ. ಕಲಬುರಗಿಯ ದಕ್ಷಿಣಕ್ಕಿರುವ ಸುರಪುರದ ಬೇಡರು ಇದರಲ್ಲಿ ಎಷ್ಟು ನಿಪುಣರೆಂದರೆ, 1705ರಲ್ಲಿ ಔರಂಗಜೇಬನು ಸ್ವತಃ ಬಂದು ವಾಗಿಣಗೇರಿಯನ್ನು ಮುತ್ತಿದಾಗ ಮೊಗಲರ ದೊಡ್ಡ ಸೈನ್ಯವನ್ನು ಬಹುಕಾಲ ತಡೆದು ನಿಲ್ಲಿಸಿದರು. ವೃದ್ಧ ಚಕ್ರವರ್ತಿಯ ಕಟ್ಟಕಡೆಯ ದಂಡಯಾತ್ರೆಯದು. ಚಿಗರಿಯ ಮೇಲೆ ಪಳಗಿದ ಕಣ್ಣು ಶತ್ರುವಿನ ಮೇಲೂ ತಪ್ಪಲಿಲ್ಲ. ಇಲ್ಲಿಯೇ ನಮ್ಮ ಕಥೆಯ ಗಂಟು ಇರುವುದು: ಬೇಟೆಯ ಕೋವಿಗೂ ಯುದ್ಧದ ಕೋವಿಗೂ ಗೆರೆಯೆಳೆಯಲು ಬೇಡನಿಗೆ ಕಾರಣವಿರಲಿಲ್ಲ, ಆಳುವವರಿಗೆ ಮಾತ್ರ ಇದ್ದಿತು.

1857ರಲ್ಲಿ ಆ ಗೆರೆಯು ರಕ್ತದಲ್ಲಿ ಎಳೆಯಲ್ಪಟ್ಟಿತು. ಸಿಪಾಯಿಗಳ ದಂಗೆಗೆ ನೆಪವಾದುದು ಹೊಸ ಎನ್‌ಫೀಲ್ಡ್ ರಾಯಫಲಿನ ಕೊಬ್ಬು ಸವರಿದ ತೋಟೆಯೆಂಬುದು ಎಲ್ಲರಿಗೂ ತಿಳಿದುದೇ. ದಂಗೆಯೊಡನೆಯೇ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಶಾಸನವೂ ಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಹೊಲ ಕಾಯುವುದಕ್ಕೂ ಬೇಟೆಗೂ ಇದ್ದ ಕೋವಿಯು ಅವರಿಗೆ ಹೊಟ್ಟೆಯ ಆಧಾರವೂ ಹೌದು, ಮಾನವೂ ಹೌದು. ಜಡಗ, ಬಾಲ, ಹನುಮ, ರಾಮರ ನಾಯಕತ್ವದಲ್ಲಿ ಆ ನವಂಬರದಲ್ಲಿ ಊರೇ ಎದ್ದಿತು. ಇಂಗ್ಲೀಷರ ಸೈನ್ಯವು ಬಂದು ಊರನ್ನು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಜನರು ಕಟ್ಟಿ ಹಾಡುತ್ತಿದ್ದ ಆ ಲಾವಣಿಯನ್ನು ಮುಂದೆ ಶಾಸನತಜ್ಞನಾದ ಫ್ಲೀಟನೇ ಸಂಗ್ರಹಿಸಿ ಪ್ರಕಟಿಸಿದನೆಂಬುದು ಕಾಲದ ಒಂದು ವಿನೋದ. ಮರುವರ್ಷ, 1858ರಲ್ಲಿ, ಸುರಪುರದ ರಾಜಾ ವೆಂಕಟಪ್ಪ ನಾಯಕನೂ ಸೋತು ಸೆರೆಯಾಗಿ ಗುಂಡಿನ ಗಾಯದಿಂದ ತೀರಿಕೊಂಡನು; ಅವನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಆ ದುರಂತವನ್ನು ವಿವರಿಸಿದ್ದಾನೆ. ಕೊಡಗಿನವರೊಬ್ಬರು ಮಾತ್ರ ಈ ಶಾಸನದಿಂದ ಪಾರಾದರು. ಅವರ ನಿಷ್ಠೆಯನ್ನು ಮೆಚ್ಚಿ 1861ರಲ್ಲಿ ಮಾರ್ಕ್ ಕಬ್ಬನ್ ಸಾಹೇಬನು ಕೊಟ್ಟ ವಿನಾಯಿತಿಯು ಇಂದಿಗೂ ಉಳಿದು ಬಂದಿದೆ. ಒಂದೇ ಕನ್ನಡ ನಾಡಿನಲ್ಲಿ ಒಂದು ಕಡೆ ಕೋವಿಗಾಗಿ ಗಲ್ಲು, ಇನ್ನೊಂದು ಕಡೆ ಕೋವಿಗೆ ಪೂಜೆ!

1878ರ ಆಯುಧಗಳ ಕಾಯಿದೆಯು ಬಂದ ಮೇಲೆ ಪರವಾನೆಯಿಲ್ಲದೆ ಕೋವಿಯಿಡುವುದು ಅಪರಾಧವಾಯಿತು. ಆದರೆ ಪರವಾನೆಯಿದ್ದವನಿಗೂ ಒಂದು ತೊಡಕು ಉಳಿದಿದ್ದಿತು. ನಮ್ಮ ತರುಣನು ಸಿಕ್ಕಿಕೊಳ್ಳುವುದು ಅದರಲ್ಲಿಯೇ. 1888ರಲ್ಲಿ ಇಂಗ್ಲೀಷ್ ಸೈನ್ಯವು 303ರ ರಾಯಫಲನ್ನು ಸ್ವೀಕರಿಸಿತು. ಜಿಂಕೆಯ ಬೇಟೆಗೆ ಇದು ಒಪ್ಪುವ ಅಳತೆ. ಆದರೆ ಸೈನ್ಯದ ತೋಟೆಗಳು ಕಳುವಾಗಿ ಗಡಿಯ ಪಠಾಣರ ಕೈಗೂ ದಂಗೆಕೋರರ ಕೈಗೂ ಸೇರುತ್ತವೆಂಬ ಹೆದರಿಕೆಯಿಂದ, ಖಾಸಗಿಯವರು ಆ ಅಳತೆಯ ಕೋವಿಯನ್ನು ಇಟ್ಟುಕೊಳ್ಳಕೂಡದೆಂದು ಸರ್ಕಾರವು ಕಟ್ಟುಮಾಡಿತು. 20ನೆಯ ಶತಮಾನದ ಮೊದಲ ದಶಕದಲ್ಲಿ 450ರ ಅಳತೆಗೂ ಅದೇ ಗತಿಯಾಯಿತು. ಹಳೆಯ ಮಾರ್ಟಿನಿ ಹೆನ್ರಿ ರಾಯಫಲುಗಳಿಗೆ ಅದರ ಗುಂಡು ಒದಗೀತೆಂಬ ಶಂಕೆ. ಲಂಡನ್ನಿನ ಕೋವಿ ತಯಾರಕರಿಗೆ ಭಾರತವು ದೊಡ್ಡ ಪೇಟೆಯಾಗಿದ್ದಿತು. ಅವರು ಸುಮ್ಮನಿರುವರೆ? 465, 470, 475 ಎಂದು ಕೂದಲೆಳೆಯಷ್ಟು ಹೆಚ್ಚಿನ ಹೊಸ ಹೊಸ ಅಳತೆಗಳನ್ನು ಸೃಷ್ಟಿಸಿದರು. ಆಫ್ರಿಕಾದಲ್ಲಿ ಆನೆ ಹೊಡೆಯುವವರು ಇಂದಿಗೂ ಹೊಗಳುವ 470ರ ರಾಯಫಲು ಹುಟ್ಟಿದುದು ನಮ್ಮ ದೇಶದ ಒಂದು ನಿಷೇಧದ ಫಲವಾಗಿ ಎಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರೋ!

ದೊಡ್ಡ ಮೃಗದ ಕೋವಿಗಳ ಮಾತು ಹಾಗಿರಲಿ. ಚಿಗರಿಗೆ ಯಾವುದು? ಉಳಿದವು ಮುಖ್ಯವಾಗಿ ಮೂರು. ಮೊದಲನೆಯದು ರಿಗ್ಬಿ ಕಂಪನಿಯು 275 ಎಂದು ಹೆಸರಿಟ್ಟು ಮಾರಿದ ರಾಯಫಲು. ನಿಜವಾಗಿ ಅದು ಜರ್ಮನರ 7 ಮಿಲಿಮೀಟರಿನ ಮೌಸರ್ ತೋಟೆಯೇ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ದೊರೆತುದು ಇದೇ. ಎರಡನೆಯದು ಆಸ್ಟ್ರಿಯದ 6.5 ಮಿಲಿಮೀಟರಿನ ಮಾನ್‌ಲಿಖರ್. ಹಗುರವಾದುದು, ಹೆಗಲಿಗೆ ನೋವು ಕೊಡದು. ಮೂರನೆಯದು 315, ಇದೂ ಆಸ್ಟ್ರಿಯದ ಸೈನ್ಯದ 8 ಮಿಲಿಮೀಟರಿನ ತೋಟೆ, ಆದರೆ ಇಲ್ಲಿಯ ಸೈನ್ಯದಲ್ಲಿ ಇಲ್ಲದ್ದರಿಂದ ನಿರಪಾಯವೆಂದು ಅಂಗೀಕೃತವಾಯಿತು. ಅದರ 244 ಗ್ರೇನ್ ತೂಕದ ಗುಂಡು ನಿಧಾನವಾಗಿ ಹೋಗುತ್ತದೆ, ಬೇಗ ಇಳಿಯುತ್ತದೆ. 275ರ 140 ಗ್ರೇನಿನ ಗುಂಡು ಅದಕ್ಕಿಂತ ಬಹಳ ವೇಗವಾಗಿ, ನೇರವಾಗಿ ಹೋಗುತ್ತದೆ. ಬೆಂಗಳೂರಿನ ಕೆನೆತ್ ಆಂಡರ್‌ಸನ್ನನು ನಂಬಿದ್ದ 405ರ ವಿಂಚೆಸ್ಟರ್ ಕಾಡಿನಲ್ಲಿ ಹುಲಿಗೆ ತಕ್ಕುದು. ಬಯಲಿನ ಚಿಗರಿಗೆ ಅತಿಯಾಯಿತು.

ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಕಲಬುರಗಿಯ ಎರೆಬಯಲಿಗೆ 275 ಅಥವಾ 6.5, ಕಮಲಾಪುರದಿಂದಾಚೆಯ ಪೊದೆಗಾಡಿಗೆ 315. ಕಾಡಿಗೆ ಮಾತ್ರವಾದರೆ, ಬಾಯಿಯ ಬಳಿ ಕೆಲವು ಅಂಗುಲಗಳಷ್ಟೇ ಗೀರು ಕೊರೆದ, ಹಾಲಂಡ್ ಕಂಪನಿಯ ‘ಪ್ಯಾರಡಾಕ್ಸ್’ ಎಂಬ 12 ಬೋರಿನ ಕೋವಿಯೂ ಸೊಗಸಾದುದು. ಅದರಿಂದ ಹಕ್ಕಿಗೆ ಚರೆಯನ್ನೂ ಜಿಂಕೆಗೆ ಗುಂಡನ್ನೂ ಹಾರಿಸಬಹುದಾಗಿತ್ತು. ಒಂದನ್ನೇ ಕೊಳ್ಳಬಲ್ಲ ತರುಣನಿಗೆ ನಾವು 275ನ್ನೇ ಹೇಳುತ್ತಿದ್ದೆವು. ಒದೆತ ಕಡಿಮೆಯಾದುದರಿಂದ ಹೊಸಬನು ಕಣ್ಣು ಮುಚ್ಚಿ ಕುದುರೆಯನ್ನು ಎಳೆಯುವುದಿಲ್ಲ. ಚಿಕ್ಕ ಗುಂಡು ಸರಿಯಾದ ಸ್ಥಳಕ್ಕೆ ತಾಕುವುದು ದೊಡ್ಡ ಗುಂಡು ಹೊಟ್ಟೆಗೆ ತಾಕುವುದಕ್ಕಿಂತ ಮೃಗಕ್ಕೂ ಮೇಲು.

ಅಳತೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಗುಂಡಿನ ತುದಿ. ಪೂರ್ತಿ ಲೋಹದ ಹೊದಿಕೆಯುಳ್ಳ ಸೈನ್ಯದ ಗುಂಡು ಚಿಗರಿಯನ್ನು ತೂರಿಕೊಂಡು ಹೋಗುತ್ತದೆ. ಪ್ರಾಣಿಯು ಮೈಲಿಗಟ್ಟಲೆ ಓಡಿ ಎಲ್ಲಿಯೋ ನರಳಿ ಸಾಯುತ್ತದೆ. ಸೀಸದ ತುದಿಯು ತೆರೆದಿದ್ದರೆ ಅದು ಒಳಗೆ ಅರಳಿ ಕೂಡಲೆ ಕೊಲ್ಲುತ್ತದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಇಂತಹ ಗುಂಡನ್ನು ಗಡಿನಾಡಿನ ಯುದ್ಧಕ್ಕಾಗಿ ಮಾಡಿದರು. 1899ರ ಹೇಗ್ ಸಮ್ಮೇಳನವು ಅರಳುವ ಗುಂಡನ್ನು ಯುದ್ಧದಲ್ಲಿ ಉಪಯೋಗಿಸಕೂಡದೆಂದು ಘೋಷಿಸಿತು. ಮನುಷ್ಯನ ಮೇಲೆ ಕ್ರೌರ್ಯವೆನಿಸಿದುದೇ ಮೃಗದ ವಿಷಯದಲ್ಲಿ ದಯೆಯೆನಿಸಿಕೊಂಡು ಬೇಟೆಯಲ್ಲಿ ಉಳಿಯಿತು.

ಬಯಲಿನಲ್ಲಿ ಇನ್ನೂ ಒಂದು ಭಯವಿದ್ದಿತು. ಇದು ಆಳುವವರದಲ್ಲ, ಹೊಲದವರದು. ಗುರಿ ತಪ್ಪಿದ ರಾಯಫಲಿನ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲುದು. ಎರೆಭೂಮಿಯಲ್ಲಿ ಅದನ್ನು ತಡೆಯುವ ಗುಡ್ಡವಿಲ್ಲ. ಆಚೆ ಕುರಿ ಕಾಯುವವನಿದ್ದಾನೆ, ಕಳೆ ತೆಗೆಯುವ ಹೆಂಗಸರಿದ್ದಾರೆ. ಚಿಗರಿಯ ಹಿಂದೆ ಮಣ್ಣಿನ ದಿಬ್ಬವು ಕಾಣುವವರೆಗೆ ಕುದುರೆಯ ಮೇಲೆ ಬೆರಳಿಡಬಾರದೆಂಬುದು ಒಳ್ಳೆಯ ಬೇಟೆಗಾರರು ಹೊಸಬನಿಗೆ ಕಲಿಸುತ್ತಿದ್ದ ಮೊದಲ ನಿಯಮ.

ಸ್ವಾತಂತ್ರ್ಯ ಬಂದ ಮೇಲೆ ಈ ಗೆರೆಯು ಅಳಿಸಿಹೋಗಬಹುದೆಂದು ಯಾರಾದರೂ ಎಣಿಸಿದ್ದರೆ ಅದು ಹುಸಿಯಾಯಿತು. 1959ರ ಹೊಸ ಆಯುಧ ಕಾಯಿದೆಯ ಅಡಿಯಲ್ಲಿಯೂ 303 ಖಾಸಗಿಯವರಿಗೆ ನಿಷಿದ್ಧ ಅಳತೆಯಾಗಿಯೇ ಉಳಿಯಿತು. ಇಂಗ್ಲೀಷರ ಸಿಪಾಯಿಗಳಿಗಾಗಿ 303ಗಳನ್ನು ಮಾಡುತ್ತಿದ್ದ ಬಂಗಾಳದ ಇಷಾಪುರದ ಕಾರ್ಖಾನೆಯು ಅದೇ ಯಂತ್ರರಚನೆಯ ಮೇಲೆ ಪ್ರಜೆಗಳಿಗಾಗಿ 315ರ ರಾಯಫಲನ್ನು ಮಾಡಿತು. ಆಸ್ಟ್ರಿಯ ಹಂಗೆರಿಯ ಸಾಮ್ರಾಜ್ಯವು 1918ರಲ್ಲಿಯೇ ಅಳಿಯಿತು. ಅದರ ಸೈನ್ಯದ ತೋಟೆಯು ಭಾರತದ ಪರವಾನೆಗಳಲ್ಲಿ ಬದುಕಿಕೊಂಡಿದೆ.

ಬೇಟೆಯು ಮಾತ್ರ ಬದುಕಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗವನ್ನು ಅತ್ಯುಚ್ಚ ರಕ್ಷಣೆಯ ಮೊದಲನೆಯ ಪಟ್ಟಿಗೆ ಸೇರಿಸಿತು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಕಲಬುರಗಿ ಬೀದರಗಳ ಹೊಲಗಳಲ್ಲಿ ಚಿಗರಿಯ ಹಿಂಡುಗಳು ಈಗಲೂ ಕಾಣಸಿಗುತ್ತವೆ. ತೊಗರಿಯ ಎಳೆಯ ಕುಡಿಯನ್ನು ಅವು ಮೇದು ಹೋದಾಗ ಒಕ್ಕಲಿಗನು ತಮಟೆ ಬಡಿಯುತ್ತಾನೆ, ಬೆದರುಬೊಂಬೆ ನಿಲ್ಲಿಸುತ್ತಾನೆ, ಪರಿಹಾರಕ್ಕೆ ಅರ್ಜಿ ಬರೆಯುತ್ತಾನೆ.