ಆಳುಪರ ನಾಣ್ಯಗಳಲ್ಲಿನ ಜೋಡಿ ಮೀನು

ನಾಣ್ಯಗಳ ಮೇಲೆ ಜಲಚರಗಳನ್ನೂ ಗಿಡಮರಗಳನ್ನೂ ಚಿತ್ರಿಸುವ ಸಂಪ್ರದಾಯವು ಯಾವುದೊಂದು ದೇಶಕ್ಕೆ ಸೀಮಿತವಾದುದಲ್ಲ. ಗ್ರೀಕರ ಅಕ್ರಗಾಸ್ ನಗರವು ಏಡಿಯನ್ನೂ, ಸಿರಕ್ಯೂಸ್ ನಗರವು ಡಾಲ್ಫಿನ್‌ಗಳನ್ನೂ, ಉತ್ತರ ಆಫ್ರಿಕದ ಸೈರೀನ್ ನಗರವು ತನ್ನ ಸಂಪತ್ತಿಗೆ ಮೂಲವಾಗಿದ್ದ ಸಿಲ್ಫಿಯಮ್ ಎಂಬ ಮೂಲಿಕೆಯನ್ನೂ ತಮ್ಮ ನಾಣ್ಯಗಳಲ್ಲಿ ಅಚ್ಚೊತ್ತಿದುವು. ನಮ್ಮಲ್ಲಿಯೂ ಶಾತವಾಹನರ ಕೆಲವು ನಾಣ್ಯಗಳಲ್ಲಿ ಅಲೆಯಾಕಾರದ ನದಿಯೂ ಅದರೊಳಗೆ ಈಜುವ ಮೀನುಗಳೂ ಇವೆ. ಕಾರವಾರದ ಕಡೆ ದೊರೆತ ಚುಟುಕುಲಾನಂದ, ಮೂಲಾನಂದರ ಸೀಸದ ನಾಣ್ಯಗಳಲ್ಲಿ ಕಟಾಂಜನದ ನಡುವೆ ನಿಂತ ವೃಕ್ಷವಿದೆ. ಕದಂಬರ ಪದ್ಮಟಂಕಗಳಂತೂ ತಾವರೆಯಿಂದಲೇ ಹೆಸರು ಪಡೆದಿವೆ. ಇವುಗಳಲ್ಲಿ ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರ ಮೀನು ಮಾತ್ರ ನಮ್ಮ ಮುಂದೆ ಒಂದು ತೊಡಕನ್ನು ಒಡ್ಡುತ್ತದೆ. ಆ ಮೀನು ಯಾರದು? ಆಳುಪರದೇ, ಅಥವಾ ಮಧುರೆಯ ಪಾಂಡ್ಯರಿಂದ ಬಂದುದೇ? ಉತ್ತರವನ್ನು ಅನುಸರಿಸಿ ಈ ರಾಜವಂಶವು ನಾಡಿನ ಮಣ್ಣಿನಲ್ಲಿ ಹುಟ್ಟಿದುದೋ ಹೊರಗಿನಿಂದ ಬಂದ ಕವಲೋ ಎಂಬ ತೀರ್ಮಾನವೂ ಬದಲಾಗುವುದರಿಂದ ವಿಷಯವು ಲಘುವಾದುದಲ್ಲ.

ಮೊದಲು ನಾಣ್ಯವನ್ನೇ ನೋಡೋಣ. ಬಾರಕೂರು ಮತ್ತು ಮಂಗಳೂರಿನ ಟಂಕಸಾಲೆಗಳಲ್ಲಿ ಅಚ್ಚಾದ ಈ ಚಿನ್ನದ ಗದ್ಯಾಣಗಳ ಒಂದು ಮುಖದಲ್ಲಿ ಛತ್ರದ ಕೆಳಗೆ ಎರಡು ಮೀನುಗಳೂ, ಅವುಗಳ ಇಕ್ಕೆಲಗಳಲ್ಲಿ ದೀಪಸ್ತಂಭಗಳೂ ಇವೆ. ಇನ್ನೊಂದು ಮುಖದಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವಿದೆ. ಲಿಪಿಯು ಕೆಲವು ನಾಣ್ಯಗಳಲ್ಲಿ ನಾಗರಿ, ಕೆಲವುಗಳಲ್ಲಿ ಹಳಗನ್ನಡ. ಛತ್ರವಿರುವುದರಿಂದ ಈ ಮೀನು ಅಲಂಕಾರಕ್ಕಾಗಿ ಬಿಡಿಸಿದುದಲ್ಲ, ರಾಜಲಾಂಛನವೇ ಸರಿ ಎಂಬುದು ನಿಸ್ಸಂದೇಹ. ಆದರೆ ಬರಹದಲ್ಲಿ ಅರಸನ ಅಂಕಿತನಾಮವಿಲ್ಲ, ಬಿರುದು ಮಾತ್ರವಿದೆ. ಆದುದರಿಂದ ಒಂದೊಂದು ನಾಣ್ಯವನ್ನು ಇಂಥ ಅರಸನದೇ ಎಂದು ಹೇಳುವುದು ದುಸ್ಸಾಧ್ಯ. ತಂದೆಯ ಅಚ್ಚನ್ನೇ ಮಗನೂ ಮೊಮ್ಮಗನೂ ಮುಂದುವರಿಸಿರಬಹುದು.

ಈ ‘ಪಾಂಡ್ಯ’ ಶಬ್ದವೇ ವಿವಾದಕ್ಕೆ ಮೂಲ. ಮಧುರೆಯ ಪಾಂಡ್ಯರ ಲಾಂಛನವೂ ಮೀನೆಂಬುದು ಪ್ರಸಿದ್ಧ. ಸಂಗಂ ಕಾಲದ ಅವರ ತಾಮ್ರ ನಾಣ್ಯಗಳ ಹಿಮ್ಮುಖದಲ್ಲಿ ರೇಖಾರೂಪದ ಮೀನಿದೆ. ವೇಳ್ವಿಕುಡಿ ತಾಮ್ರಪಟದಲ್ಲಿ ಪಾಂಡ್ಯ ಅರಸನೊಬ್ಬನು ಮಂಗಳಪುರದಲ್ಲಿ ಮಹಾರಥರನ್ನು ಗೆದ್ದನೆಂಬ ಮಾತಿದ್ದು, ಆ ಮಂಗಳಪುರವು ನಮ್ಮ ಮಂಗಳೂರೇ ಎಂದು ಕೆಲವು ವಿದ್ವಾಂಸರು ಗುರುತಿಸಿರುವರು. ಹೆಸರು ಒಂದು, ಲಾಂಛನ ಒಂದು, ದಂಡಯಾತ್ರೆಯೊಂದು. ಈ ಮೂರನ್ನು ಹೆಣೆದರೆ ಮಧುರೆಯ ಮೂಲವು ಸಿದ್ಧವಾದಂತೆಯೇ ತೋರುತ್ತದೆ.

ನಮಗೆ ಈ ವಾದವು ಸಮಂಜಸವಾಗಿ ತೋರುವುದಿಲ್ಲ. ಕಾರ್ಕಳ ತಾಲ್ಲೂಕಿನ ಬೆಳ್ಮಣ್ಣಿನಲ್ಲಿ ದೊರೆತ ಇಮ್ಮಡಿ ಆಳುವರಸನ ತಾಮ್ರಪಟವು ಸುಮಾರು 8ನೆಯ ಶತಮಾನದ ಆದಿಭಾಗದ್ದು. ಕನ್ನಡದ ಅತಿ ಪ್ರಾಚೀನ ತಾಮ್ರಶಾಸನಗಳಲ್ಲಿ ಅಗ್ರಗಣ್ಯವಾದುದು. ಅದರಲ್ಲಿ ಜೋಡಿ ಮೀನಿನ ಲಾಂಛನ ಆಗಲೇ ಇದೆ. ಆಳುಪರು ‘ಪಾಂಡ್ಯಚಕ್ರವರ್ತಿ’ ಎಂದು ಕರೆದುಕೊಳ್ಳುವುದಾದರೋ 12ನೆಯ ಶತಮಾನದಿಂದ ಮುಂದಿನ ಶಾಸನಗಳಲ್ಲಿ. 13ನೆಯ ಶತಮಾನದ ರಾಣಿ ಬಲ್ಲಮಹಾದೇವಿಗೂ ಆ ಬಿರುದಿತ್ತು. ಎಂದರೆ ಮೀನು ಮೊದಲು, ಬಿರುದು ಆಮೇಲೆ. ಬಿರುದಿನೊಡನೆ ಮೀನೂ ಬಂದಿತೆಂಬುದಕ್ಕೆ ಇಲ್ಲಿ ಎಡೆಯಿಲ್ಲ.

ಇನ್ನು ದಂಡಯಾತ್ರೆಯ ವಿಚಾರ. ಗೆದ್ದವರ ಲಾಂಛನವನ್ನು ಸೋತವರು ಧರಿಸಿದರೆಂದು ವಾದಿಸುವುದಾದರೆ, ಆಳುಪರು ಧರಿಸಬೇಕಾಗಿದ್ದುದು ಬಾದಾಮಿ ಚಾಲುಕ್ಯರ ವರಾಹವನ್ನು. ಅವರು ಚಾಲುಕ್ಯರ ಮಾಂಡಲಿಕರಾಗಿದ್ದರು. ಚಿತ್ರವಾಹನನು ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿಯನ್ನು ವರಿಸಿದ್ದನು. 707ರ ಶಿಗ್ಗಾಂವಿ ತಾಮ್ರಪಟವು ಈ ಎರಡು ಮನೆತನಗಳ ಆತ್ಮೀಯತೆಗೆ ಸಾಕ್ಷಿ. ಇಷ್ಟು ಹತ್ತಿರದ ನಂಟಿದ್ದೂ ವರಾಹವನ್ನು ತೆಗೆದುಕೊಳ್ಳದವರು, ಒಂದು ದಾಳಿಯ ನೆನಪಿಗಾಗಿ ದೂರದ ಮಧುರೆಯ ಮೀನನ್ನು ಏಕೆ ತೆಗೆದುಕೊಂಡಾರು? ಸೋತವರ ಮೀನು ಹೇಗಿರುತ್ತದೆಂಬುದನ್ನು ಚೋಳರ ನಾಣ್ಯಗಳೇ ತೋರಿಸುತ್ತವೆ: ಅಲ್ಲಿ ನಡುವೆ ಕುಳಿತಿರುವುದು ಹುಲಿ, ಮೀನೂ ಬಿಲ್ಲೂ ಅದರ ಪಕ್ಕದಲ್ಲಿ. ಆಳುಪರ ಮೀನಾದರೋ ಛತ್ರದಡಿಯಲ್ಲಿ ತಾನೇ ತಾನಾಗಿದೆ.

ಹಾಗಾದರೆ ‘ಪಾಂಡ್ಯ ಧನಂಜಯ’ ಎಂಬುದಕ್ಕೆ ಅರ್ಥವೇನು? ಆಳುಪರು ತಮ್ಮನ್ನು ಸೋಮವಂಶದವರೆಂದು ಹೇಳಿಕೊಂಡರು. ಪಾಂಡ್ಯರದೂ ಅದೇ ವಂಶ, ಧನಂಜಯನೆನಿಸಿದ ಅರ್ಜುನನದೂ ಅದೇ. ವಂಶಗೌರವವನ್ನು ಹೆಚ್ಚಿಸಿಕೊಳ್ಳಲು ಆರಿಸಿದ ಬಿರುದು ಇದೆಂಬುದು ನಮ್ಮ ಊಹೆ. ಮೊದಲೇ ಇದ್ದ ಮೀನು ಆ ಆಯ್ಕೆಗೆ ಅನುಕೂಲವಾಗಿ ಒದಗಿರಬಹುದು.

ಮೂಡುಬಿದಿರೆಯ ಕಡೆಯ ವಿದ್ಯಾರ್ಥಿಗಳು ಈ ಜೋಡಿ ಮೀನನ್ನು ಜೈನರ ಅಷ್ಟಮಂಗಲಗಳಲ್ಲೊಂದೆಂದು ಹೇಳುವುದುಂಟು. ಆಳುಪರು ಜೈನಧರ್ಮಕ್ಕೆ ಆಶ್ರಯವಿತ್ತವರೆಂಬುದು ನಿಜ. ಆದರೆ ಮತ್ಸ್ಯಯುಗ್ಮವಿರುವುದು ಶ್ವೇತಾಂಬರರ ಪಟ್ಟಿಯಲ್ಲಿ. ಭೃಂಗಾರ, ಕಲಶ, ದರ್ಪಣ, ಚಾಮರ ಮೊದಲಾದುವನ್ನು ಹೇಳುವ ದಿಗಂಬರರ ಪಟ್ಟಿಯಲ್ಲಿ ಅದಿಲ್ಲ. ತುಳುನಾಡಿನ ಜೈನರೋ ದಿಗಂಬರರು. ಈ ಊಹೆಯನ್ನೂ ಕೈಬಿಡುವುದು ಲೇಸು.

ಮೀನನ್ನು ಕಡಲಿಗೇ ಕಟ್ಟಿಹಾಕಬೇಕಾಗಿಯೂ ಇಲ್ಲ. ಬಂಟ್ವಾಳದ ನೇತ್ರಾವತಿ, ವೇಣೂರಿನ ಫಲ್ಗುಣಿ, ಬೆಳ್ತಂಗಡಿ ತಾಲ್ಲೂಕಿನ ಕಪಿಲೆ, ಇವೆಲ್ಲ ಮೀನಿನ ನದಿಗಳೇ. ಕಪಿಲೆಯ ದಡದ ಶಿಶಿಲದಲ್ಲಿ ಮೀನು ಇಂದಿಗೂ ದೇವರ ಮೀನು, ಅಲ್ಲಿ ಹಿಡಿಯುವಂತಿಲ್ಲ. 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಬೆರೆಸಿ ಆ ಮೀನುಗಳನ್ನು ಕೊಂದಾಗ ಊರವರು ಪಟ್ಟ ಸಂಕಟವನ್ನು ಬಲ್ಲವರಿಗೆ, ಮೀನು ಈ ಸೀಮೆಯಲ್ಲಿ ಆಹಾರ ಮಾತ್ರವಲ್ಲವೆಂದು ವಿವರಿಸಬೇಕಾಗಿಲ್ಲ. ಇದರಿಂದ ರಾಜಲಾಂಛನದ ಮೂಲ ಸಿದ್ಧವಾಯಿತೆಂದು ನಾವು ಹೇಳುತ್ತಿಲ್ಲ. ಮೀನನ್ನು ಪೂಜ್ಯವೆಂದು ಕಾಣಲು ಈ ನಾಡಿನವರು ಮಧುರೆಗೆ ಹೋಗಬೇಕಾಗಿರಲಿಲ್ಲವೆಂದಷ್ಟೇ ಹೇಳುತ್ತೇವೆ.

14ನೆಯ ಶತಮಾನದಲ್ಲಿ ತುಳುನಾಡು ವಿಜಯನಗರದ ಅಧೀನವಾಯಿತು. ಬಂಗರು, ಚೌಟರು, ಅಜಿಲರು ಸೀಮೆಸೀಮೆಗಳಲ್ಲಿ ಪ್ರಬಲರಾದರು. ಬಾರಕೂರ ಗದ್ಯಾಣ, ಮಂಗಳೂರ ಗದ್ಯಾಣ ಎಂಬ ಹೆಸರುಗಳು ಶಾಸನಗಳಲ್ಲಿ ಉಳಿದುವು.

ಈಗ ಉಳಿದಿರುವ ತೊಡಕು ನಾಣ್ಯಗಳು ದೊರೆತ ಸ್ಥಳಗಳದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಕ್ಷೇಪ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕೆಂದು 1878ರ ಕಾನೂನೇ ವಿಧಿಸಿತ್ತು. 1962ರಲ್ಲಿ ನಮ್ಮ ರಾಜ್ಯವೂ ಪ್ರತ್ಯೇಕ ಕಾನೂನು ಮಾಡಿತು. ಆದರೂ ಗದ್ದೆಯಲ್ಲೋ ಹಳೆಯ ಮನೆಯ ಅಡಿಪಾಯದಲ್ಲೋ ಸಿಕ್ಕಿದ ಚಿನ್ನವು ಸದ್ದಿಲ್ಲದೆ ಮೂಸೆಯಲ್ಲಿ ಕರಗುವುದೇ ಹೆಚ್ಚು. ಕರಗದೆ ಉಳಿದುದೂ ಕೈಯಿಂದ ಕೈಗೆ ದಾಟುತ್ತ ತನ್ನ ಊರನ್ನು ಕಳೆದುಕೊಳ್ಳುತ್ತದೆ. ನಾಗರಿ ಬರಹದ ನಾಣ್ಯಗಳು ಒಂದು ಟಂಕಸಾಲೆಯವೂ ಕನ್ನಡ ಬರಹದವು ಇನ್ನೊಂದರವೂ ಆಗಿರಬಹುದೆ ಎಂಬುದನ್ನು ಪರೀಕ್ಷಿಸಬೇಕಾದರೆ ದೊರೆತ ಊರು, ತೂಕ, ಲಿಪಿ, ಈ ಮೂರೂ ಒಟ್ಟಿಗೆ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳೆಯ ಮನೆತನಗಳ ಪರಿಚಯವುಳ್ಳ ವಿದ್ಯಾರ್ಥಿಗಳು ಅಂತಹ ನಾಣ್ಯವನ್ನು ಕಂಡರೆ, ಅದನ್ನು ಕೇಳಿ ಪಡೆಯುವುದು ಬೇಡ. ಮನೆಯವರ ಒಪ್ಪಿಗೆಯಿಂದ ಎರಡು ಮುಖಗಳ ಛಾಯಾಚಿತ್ರ ತೆಗೆದು, ತೂಗಿ, ಯಾವ ಗದ್ದೆಯಲ್ಲಿ ಸಿಕ್ಕಿತೆಂಬುದನ್ನು ಬರೆದುಕೊಂಡು ವಿಭಾಗಕ್ಕೆ ತಲುಪಿಸಲಿ.