ಮರವೇರಿ ಕುಳಿತ ಬೇಟೆಗಾರ

ಶಿವರಾತ್ರಿಯ ಕತೆಯನ್ನು ಕೇಳದ ಕನ್ನಡಿಗರು ವಿರಳ. ಹಗಲೆಲ್ಲ ಅಲೆದರೂ ಏನೂ ದೊರೆಯದ ಬೇಡನೊಬ್ಬ ಕತ್ತಲಾಗುವ ಹೊತ್ತಿಗೆ ಕೊಳದ ದಡದಲ್ಲಿದ್ದ ಬಿಲ್ವದ ಮರವನ್ನೇರಿದ. ನೀರಿಗೆಂದು ಬಂದ ಜಿಂಕೆಗೆ ಬಾಣ ಹೂಡುವಾಗ ಮೈ ಅಲುಗಿ ಎಲೆಗಳು ಉದುರಿದವು. ಮರದ ಬುಡದಲ್ಲಿ ಲಿಂಗವಿತ್ತು. ಜಿಂಕೆ ಬೇಡನನ್ನು ಕಂಡು, ಮರಿಗಳನ್ನು ನೋಡಿ ಬರುತ್ತೇನೆ, ಅಷ್ಟುಹೊತ್ತು ಬಿಡು ಎಂದು ಬೇಡಿಕೊಂಡಿತು. ಪುರಾಣ ಹೇಳುವವರು ಇಲ್ಲಿ ಉಪವಾಸ, ಜಾಗರಣೆ, ಬಿಲ್ವಾರ್ಚನೆಗಳ ಮಹಿಮೆಯನ್ನು ಎತ್ತಿ ತೋರಿಸುತ್ತಾರೆ. ಅದು ಅವರ ಧರ್ಮ. ನನ್ನ ಮನಸ್ಸು ಮಾತ್ರ ಈ ಕತೆಯ ಒಂದು ಸಣ್ಣ ವಿವರದಲ್ಲಿಯೇ ಸುತ್ತುತ್ತದೆ. ಬೇಡ ಮರವನ್ನೇ ಏಕೆ ಏರಿದ? ಬೇಟೆಯೆಂದರೆ ಬೆನ್ನಟ್ಟುವುದಲ್ಲವೆ? ಇವನು ಬೆನ್ನಟ್ಟುವುದನ್ನು ಬಿಟ್ಟು ಕಾಯುವುದಕ್ಕೆ ಕುಳಿತ. ಆ ಕಾಯುವಿಕೆಯಿಂದಲೇ ಅವನಿಗೆ ಜಿಂಕೆಯ ಮಾತು ಕೇಳಿಸಿತು.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ‘ಮರಸು ಕೂರುವುದು’ ಎಂಬ ಹೆಸರಿತ್ತು. ಹಣ್ಣು ಉದುರುವ ಮರದ ಮೇಲೋ, ನೀರಿನ ಹೊಂಡದ ಅಂಚಿನಲ್ಲೋ, ಕೊಂಬೆಗಳಿಗೆ ಗಳುಗಳನ್ನು ಬಿಗಿದು ಅಟ್ಟಣೆ ಮಾಡಿ, ಸೊಪ್ಪನ್ನು ಮರೆಕಟ್ಟಿಕೊಂಡು, ಕೆಮ್ಮನ್ನೂ ನುಂಗಿಕೊಂಡು ಇರುಳು ಕಳೆಯುವ ಬೇಟೆ ಅದು. ನಾಯಿಗಳನ್ನು ನುಗ್ಗಿಸಿ, ಹಳುವಿನಲ್ಲಿ ಕೂಗೆಬ್ಬಿಸಿ, ಹತ್ತಾರು ಜನ ಕೂಡಿ ನಡೆಸುತ್ತಿದ್ದ ಬೇಟೆಯ ಸಡಗರ ಇದಕ್ಕಿರಲಿಲ್ಲ. ನಮ್ಮ ಹಳೆಯ ಕವಿಗಳಿಗೆ ಬೇಟೆಯ ವರ್ಣನೆ ಬಹಳ ಪ್ರಿಯವಾದದ್ದು. ಆದರೆ ಅವರ ಕಣ್ಣು ನಿಲ್ಲುವುದು ನಾಯಿಗಳ ನೆಗೆತದ ಮೇಲೆ, ಹಂದಿಯ ರೋಷದ ಮೇಲೆ, ಬೇಡಪಡೆಯ ಗದ್ದಲದ ಮೇಲೆ. ಅಲುಗಾಡದೆ ಕುಳಿತವನನ್ನು ವರ್ಣಿಸುವುದಾದರೂ ಹೇಗೆ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಮರಸು ಅಪರಾಧವಾಯಿತು, ಆದದ್ದು ಒಳ್ಳೆಯದೇ. ಅದೇ ಮರಸು, ಕಾನೂನಿನ ಒಪ್ಪಿಗೆ ಪಡೆದು, ಯಂತ್ರದ ರೂಪ ತಾಳಿ, ಇಂದಿಗೂ ಬಾಳುತ್ತಿರುವ ದೇಶವೆಂದರೆ ಅಮೆರಿಕ. ಅದರ ಚರಿತ್ರೆ ಕುತೂಹಲಕರವಾಗಿದೆ.

ಅಮೆರಿಕದ ಕಾಡುಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿಬಾಲದ ಜಿಂಕೆ. ಬೆದರಿ ಓಡುವಾಗ ಬಾಲವನ್ನು ಬಾವುಟದಂತೆ ಎತ್ತಿ ಅಡಿಯ ಬಿಳುಪನ್ನು ತೋರಿಸುವುದರಿಂದ ಅದಕ್ಕೆ ಆ ಹೆಸರು. ಅಲ್ಲಿನ ಮೂಲನಿವಾಸಿಗಳಿಗೆ ಅದು ಅನ್ನವೂ ಆಗಿತ್ತು, ಬಟ್ಟೆಯೂ ಆಗಿತ್ತು. 1615ರಲ್ಲಿ ಹ್ಯೂರನ್ ಜನರೊಡನೆ ತಿರುಗಿದ ಫ್ರೆಂಚ್ ಪ್ರವಾಸಿ ಶಾಂಪ್ಲೇನ್ ಅವರ ಬೇಟೆಯ ಕ್ರಮವನ್ನು ಬರೆದಿಟ್ಟಿದ್ದಾನೆ. ಕಾಡಿನಲ್ಲಿ ಎರಡು ಉದ್ದನೆಯ ಬೇಲಿಗಳನ್ನು ಮೊರದ ಬಾಯಿಯಂತೆ ಅಗಲವಾಗಿ ಆರಂಭಿಸಿ ಕೊನೆಯಲ್ಲಿ ಇಕ್ಕಟ್ಟಾಗಿ ಕೂಡಿಸುವುದು, ಗದ್ದಲವೆಬ್ಬಿಸಿ ಜಿಂಕೆಗಳನ್ನು ಅದರೊಳಕ್ಕೆ ಅಟ್ಟುವುದು. ಇದು ಇಡೀ ಊರಿನ ಕೆಲಸ. ಅನಂತರ ಬಂದ ಯುರೋಪಿನವರು ತೊಗಲಿನ ವ್ಯಾಪಾರಕ್ಕಾಗಿ ಕೊಂದರು, ಪಟ್ಟಣಗಳ ಮಾಂಸದಂಗಡಿಗಳಿಗಾಗಿ ಕೊಂದರು. ಡಾಲರಿಗೆ ಅಲ್ಲಿನ ಆಡುಮಾತಿನಲ್ಲಿ ‘ಬಕ್’ ಎನ್ನುವುದು ಗಂಡುಜಿಂಕೆಯ ತೊಗಲು ನಾಣ್ಯದಂತೆ ಓಡಾಡಿದ ಕಾಲದ ನೆನಪೆಂದು ಹೇಳುವುದುಂಟು. ಕೋಟಿಗಳಲ್ಲಿ ಎಣಿಸಬೇಕಾಗಿದ್ದ ಜಿಂಕೆಗಳು 1900ರ ಸುಮಾರಿಗೆ ಕೆಲವೇ ಲಕ್ಷಗಳಿಗೆ ಇಳಿದಿದ್ದವು. ಅನೇಕ ಸೀಮೆಗಳಲ್ಲಿ ಮಕ್ಕಳು ಜಿಂಕೆಯ ಹೆಜ್ಜೆಗುರುತನ್ನೂ ಕಾಣದೆ ಬೆಳೆದರು.

ಆಗ ಎಚ್ಚರ ಮೂಡಿತು. ಕಾನೂನು ಮೀರಿ ಕೊಂದ ಪ್ರಾಣಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು 1900ರ ಲೇಸಿ ಕಾಯಿದೆ ತಡೆಯಿತು. ಹಲವು ರಾಜ್ಯಗಳು ಕೊಂಬುಳ್ಳ ಗಂಡನ್ನು ಮಾತ್ರ ಹೊಡೆಯಬಹುದೆಂದು ವಿಧಿಸಿದವು. 1937ರಲ್ಲಿ ಬಂದ ಮತ್ತೊಂದು ಕಾಯಿದೆ ಕೋವಿ, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಪ್ರಾಣಿಗಳ ಏಳಿಗೆಗೆಂದೇ ಮೀಸಲಿಟ್ಟಿತು. ಬೇಟೆಗಾರ ಕೊಟ್ಟ ಹಣದಿಂದಲೇ ಬೇಟೆಯ ಪ್ರಾಣಿ ಉಳಿಯಬೇಕೆಂಬ ಈ ಏರ್ಪಾಟು ನಮಗೆ ವಿಚಿತ್ರವಾಗಿ ಕಾಣಬಹುದು. ಜಿಂಕೆಗಳು ಮರಳಿ ಬಂದುದರಲ್ಲಿ ಅದರ ಪಾಲು ದೊಡ್ಡದೆಂಬುದನ್ನು ಒಪ್ಪಬೇಕು.

ಇದೇ ಕಾಲದಲ್ಲಿ ಇನ್ನೊಂದು ಎಳೆ ಬಂದು ಸೇರಿತು. 1911ರಲ್ಲಿ ಕ್ಯಾಲಿಫೋರ್ನಿಯದ ಒರೊವಿಲ್ ಎಂಬ ಊರಿನ ಅಂಚಿನಲ್ಲಿ ಹಸಿದು ಬಸವಳಿದ ಮನುಷ್ಯನೊಬ್ಬ ಕಾಣಿಸಿಕೊಂಡ. ತನ್ನ ಯಾಹಿ ಜನರಲ್ಲಿ ಅವನೊಬ್ಬನೇ ಉಳಿದಿದ್ದ. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ‘ಇಶಿ’, ಎಂದರೆ ಮನುಷ್ಯ, ಎಂದು ವಿದ್ವಾಂಸರು ಕರೆದರು. 1916ರಲ್ಲಿ ತೀರಿಕೊಳ್ಳುವವರೆಗೆ ಅವನು ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿಯೇ ಇದ್ದ. ಅವನಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯ ಸ್ಯಾಕ್ಸ್ಟನ್ ಪೋಪ್ ಅವನಿಂದ ಬಿಲ್ವಿದ್ಯೆ ಕಲಿತ. ಇಶಿಯ ಬೇಟೆಯಲ್ಲಿ ಓಟವಿರಲಿಲ್ಲ. ಮರೆಯಲ್ಲಿ ಕುಳಿತು ಮರಿಯ ಕೂಗನ್ನು ಅನುಕರಿಸಿ ಜಿಂಕೆಯನ್ನು ಹತ್ತಿರ ಕರೆಯುತ್ತಿದ್ದ. ದೀವದ ಮಿಗವನ್ನು ಮುಂದಿಟ್ಟು ಜಿಂಕೆಗಳನ್ನು ಸೆಳೆಯುತ್ತಿದ್ದ ನಮ್ಮ ಹಳೆಯ ಬೇಡರು ಅವನನ್ನು ಕಂಡಿದ್ದರೆ ಕುಲಬಾಂಧವನೆಂದೇ ಭಾವಿಸುತ್ತಿದ್ದರೇನೋ. ಪೋಪ್ 1923ರಲ್ಲಿ ಬಿಲ್ಲುಬೇಟೆಯ ಮೇಲೊಂದು ಪುಸ್ತಕ ಬರೆದ. ಅದನ್ನೋದಿದ ಪಟ್ಟಣದ ಜನ ಬಿಲ್ಲು ಹಿಡಿದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗೆಂದೇ ಜಿಂಕೆಬೇಟೆಯ ಋತುವೊಂದನ್ನು ತೆರೆಯಿತು. ತನ್ನವರೆಲ್ಲರನ್ನೂ ಕಳೆದುಕೊಂಡವನು ಕಲಿಸಿದ ವಿದ್ಯೆ, ಅವರನ್ನು ಅಳಿಸಿದವರ ಮೊಮ್ಮಕ್ಕಳಿಗೆ ರಜಾದಿನದ ಹವ್ಯಾಸವಾಯಿತು. ಚರಿತ್ರೆ ಇಂಥ ಕ್ರೌರ್ಯಗಳನ್ನು ಸದ್ದಿಲ್ಲದೆ ಎಸಗುತ್ತದೆ.

ಬಿಲ್ಲು ಮರಳಿದ ಮೇಲೆ ಮರವೂ ಮರಳಲೇಬೇಕಾಯಿತು. ಕೋವಿಯವನು ನೂರು ಗಜದ ಆಚೆಯಿಂದ ಹೊಡೆಯಬಲ್ಲ. ಬಿಲ್ಲಿನವನಿಗೆ ಜಿಂಕೆ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು. 1969ರಲ್ಲಿ ಪೇಟೆಂಟ್ ಪಡೆದ ಹಾಲೆಸ್ ಅಲೆನ್‌ನ ರಾಟೆಬಿಲ್ಲು ಎಳೆದು ಹಿಡಿಯುವ ಶ್ರಮವನ್ನು ತಗ್ಗಿಸಿತೇ ಹೊರತು ಹತ್ತಿರವಾಗಬೇಕಾದ ಅಗತ್ಯವನ್ನು ಕಳೆಯಲಿಲ್ಲ. ಜಿಂಕೆಯ ಕಣ್ಣುಗಳಿರುವುದು ತಲೆಯ ಎರಡು ಬದಿಗಳಲ್ಲಿ. ನೆಲದ ಮಟ್ಟದಲ್ಲಿ ಬೆನ್ನ ಹಿಂದಿನದನ್ನು ಬಿಟ್ಟು ಉಳಿದುದೆಲ್ಲ ಅದಕ್ಕೆ ಕಾಣುತ್ತದೆ. ಅದರ ಮೂಗಂತೂ ಕಣ್ಣಿಗಿಂತ ದೊಡ್ಡ ಕಾವಲುಗಾರ. ಹದಿನೈದಿಪ್ಪತ್ತು ಅಡಿ ಮೇಲೇರಿದವನು ಅದರ ನೋಟದ ಸಾಲಿನಿಂದ ತಪ್ಪಿಸಿಕೊಳ್ಳುತ್ತಾನೆ. ಗಾಳಿ ಅನುಕೂಲವಾಗಿದ್ದರೆ ಅವನ ಮೈವಾಸನೆ ಜಿಂಕೆಯ ತಲೆಯ ಮೇಲೆ ಹಾದುಹೋಗುತ್ತದೆ. ಬಿಸಿಲೇರುವಾಗ ಗಾಳಿ ಇಳಿಜಾರಿನಲ್ಲಿ ಮೇಲಕ್ಕೇರುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಜಾರುತ್ತದೆ ಎಂಬುದನ್ನರಿತೇ ಅವನು ಮರವನ್ನು ಆರಿಸಬೇಕು.

ಮೊದಮೊದಲು ಕೊಂಬೆಗಳ ನಡುವೆ ಹಲಗೆ ಬಡಿದು ಅಟ್ಟಣೆ ಮಾಡುತ್ತಿದ್ದರು. ಅದನ್ನು ಬೇಕಾದಲ್ಲಿಗೆ ಒಯ್ಯುವಂತಿರಲಿಲ್ಲ. ಮೊಳೆಯಿಂದ ಮರಕ್ಕೂ ಹಾನಿ, ಹಲಗೆ ಕೊಳೆತರೆ ಕುಳಿತವನಿಗೂ ಹಾನಿ. 1960-70ರ ದಶಕಗಳಲ್ಲಿ ಬೆನ್ನಿಗೆ ಹೊತ್ತುಕೊಂಡು ಹೋಗಬಹುದಾದ, ತಾನೇ ಮರವೇರುವ ಪೀಠಗಳು ಬಳಕೆಗೆ ಬಂದವು. ಅದನ್ನು ನಾವು ‘ಏರುಮಣೆ’ ಎನ್ನೋಣ. ತೆಂಗಿನ ಮರವೇರಲು ನಮ್ಮ ಕರಾವಳಿಯಲ್ಲಿ ಈಚೆಗೆ ಬಳಸುತ್ತಿರುವ ಕಬ್ಬಿಣದ ಸಲಕರಣೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಎರಡು ತುಂಡುಗಳು: ಕೆಳಗಿನದು ಪಾದಕ್ಕೆ, ಮೇಲಿನದು ಕೂರುವುದಕ್ಕೆ. ಎರಡಕ್ಕೂ ಕಾಂಡವನ್ನು ಸುತ್ತುವರಿಯುವ ತಂತಿಹಗ್ಗ ಅಥವಾ ಪಟ್ಟಿ. ಭಾರ ಬಿದ್ದೊಡನೆ ಮಣೆಯ ಹೊರತುದಿ ಕೆಳಕ್ಕೆ ಬಾಗಲು ಹವಣಿಸುತ್ತದೆ. ಆಗ ಮರದ ಈ ಬದಿಗೆ ಮಣೆಯ ಅಂಚು, ಆ ಬದಿಗೆ ಪಟ್ಟಿ ಕಚ್ಚಿಕೊಳ್ಳುತ್ತವೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ. ಮೇಲಿನ ತುಂಡನ್ನು ಎತ್ತಿ ಕಚ್ಚಿಸಿ, ಅದರ ಮೇಲೆ ಮೈಭಾರ ಹಾಕಿ, ಪಾದದ ಕೊಕ್ಕೆಯಿಂದ ಕೆಳಗಿನದನ್ನು ಮೇಲಕ್ಕೆಳೆದು, ಮತ್ತೆ ನಿಂತು ಮೇಲಿನದನ್ನು ಸರಿಸಿ, ಹೀಗೆ ಕಂಬಳಿಹುಳು ಕಾಂಡವನ್ನೇರುವ ರೀತಿಯಲ್ಲಿ ಏರುವುದು. ಮರ ನೆಟ್ಟಗಿರಬೇಕು, ಕೊಂಬೆಯಿಲ್ಲದಿರಬೇಕು, ತೊಗಟೆ ಸಡಿಲವಾಗಿರಬಾರದು. ದಕ್ಷಿಣದ ಪೈನ್ ಕಾಡುಗಳು ಇದಕ್ಕೆ ಹೇಳಿಮಾಡಿಸಿದಂಥವು. ಆರಂಭದ ಕೆಲವು ಮಣೆಗಳಲ್ಲಿ ಮೇಲಿನ ತುಂಡೇ ಇರಲಿಲ್ಲ. ಏರುವವನು ಮರವನ್ನು ಎದೆಗವಚಿಕೊಂಡು, ಪಾದದ ಮಣೆಯನ್ನು ಕಾಲಿನಿಂದಲೇ ಎತ್ತಿಕೊಳ್ಳಬೇಕಾಗಿತ್ತು. ಎದೆಯ, ತೋಳಿನ ಚರ್ಮದ ಗತಿಯನ್ನು ಊಹಿಸಿಕೊಳ್ಳಬಹುದು.

ಇಲ್ಲಿ ಬೇಟೆಯ ಚರಿತ್ರೆಯೇ ಒಂದು ವಿಚಿತ್ರ ತಿರುವು ಪಡೆಯುತ್ತದೆ. ಜಿಂಕೆ ಬೇಟೆಗಾರನಿಗೆ ಅಪಾಯಕಾರಿ ಮೃಗವಲ್ಲ. ಆದರೆ ಏರುಮಣೆ ಬಂದ ಮೇಲೆ ಅಮೆರಿಕದ ಬೇಟೆಗಾರರು ಮರದಿಂದ ಬೀಳತೊಡಗಿದರು. ಹಲವು ರಾಜ್ಯಗಳಲ್ಲಿ ಕೋವಿಯ ಪ್ರಮಾದಗಳಿಗಿಂತ ಮರದಿಂದ ಬಿದ್ದು ನೋಯುವವರೇ ಹೆಚ್ಚು. ಬೆನ್ನುಮೂಳೆ ಮುರಿದು ಜೀವಮಾನವೆಲ್ಲ ಗಾಲಿಕುರ್ಚಿಯಲ್ಲಿ ಕಳೆಯುವವರಿದ್ದಾರೆ. ಹೆಚ್ಚಿನವರು ಬೀಳುವುದು ಕುಳಿತಿರುವಾಗಲ್ಲ. ಏರುವಾಗ, ಇಳಿಯುವಾಗ, ಮಣೆಗೆ ಕಾಲಿಡುವಾಗ. ಮೊದಲು ಸೊಂಟಕ್ಕೊಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಬಿದ್ದಾಗ ಅದು ಪಕ್ಕೆಲುಬಿನವರೆಗೆ ಜಾರಿ ಉಸಿರು ಕಟ್ಟಿಸಬಹುದೆಂದು ತಿಳಿದ ಮೇಲೆ, ಹೆಗಲು, ಎದೆ, ತೊಡೆಗಳನ್ನು ಸುತ್ತುವ ಹಾರ್ನೆಸ್ ಬಳಕೆಗೆ ಬಂತು. ಅದನ್ನು ಮರದ ಬುಡದಲ್ಲಿಯೇ ಕಾಂಡಕ್ಕೆ ಬಿಗಿದುಕೊಂಡು, ನೆಲಕ್ಕೆ ಮರಳುವವರೆಗೆ ಬಿಚ್ಚಬಾರದೆಂಬುದು ನಿಯಮ. ಬಿದ್ದು ಅದರಲ್ಲಿ ನೇತಾಡುವುದೂ ಕ್ಷೇಮವಲ್ಲ. ತೊಡೆಪಟ್ಟಿಯ ಒತ್ತಡದಿಂದ ಕಾಲುಗಳಲ್ಲಿ ರಕ್ತ ತಂಗಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಕಾಲೂರಲು ಒಂದು ಕುಣಿಕೆಯನ್ನೂ ಜೊತೆಗಿಟ್ಟುಕೊಳ್ಳಬೇಕು. ಎರಡು ತುಂಡುಗಳನ್ನು ಹಗ್ಗದಿಂದ ಪರಸ್ಪರ ಕಟ್ಟಿರಬೇಕು, ಇಲ್ಲವಾದರೆ ಪಾದದ ಮಣೆ ಜಾರಿ ಬುಡ ಸೇರಿದಾಗ ಮೇಲಿನವನು ಮೇಲೆಯೇ ಉಳಿಯುತ್ತಾನೆ. ತಳೆಯೊಂದನ್ನು ಪಾದಕ್ಕೆ ಸಿಕ್ಕಿಸಿಕೊಂಡು ಅಡಕೆಯ ಮರದಿಂದ ಮರಕ್ಕೆ ತೂಗಿ ಹಾರುವ ನಮ್ಮ ಕೊನೆಗಾರರನ್ನು ನೆನೆದಾಗ, ಅವರಿಗೆ ಇಂಥ ಒಂದು ಪಟ್ಟಿಯನ್ನಾದರೂ ಒದಗಿಸಬೇಕೆಂದು ನಮಗೇಕೆ ಬಹುಕಾಲ ತೋಚಲಿಲ್ಲವೆಂದು ನಾಚಿಕೆಯಾಗುತ್ತದೆ.

ಮರದ ಮೇಲಿನಿಂದ ಹೊಡೆಯುವುದು ನ್ಯಾಯವೆ? ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶವಿರಬೇಕೆಂಬ ವಾದ ಅಮೆರಿಕದಲ್ಲಿ ಹಳೆಯದು. ಥಿಯೊಡರ್ ರೂಸ್‌ವೆಲ್ಟ್ ಮುಂತಾದವರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಸಂಘ ಇದನ್ನೇ ತತ್ತ್ವವಾಗಿ ಎತ್ತಿಹಿಡಿಯಿತು. ಕಾಣದಂತೆ ಕುಳಿತವನದು ಕಪಟವೆನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬೆನ್ನಟ್ಟಿದವನಿಗೆ ಕಾಣುವುದು ಓಡುವ ಒಂದು ಬಾಲ. ಗುರಿ ತಪ್ಪಿ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಿ ಸಾಯುವ ಸಂಭವ ಅಲ್ಲಿಯೇ ಹೆಚ್ಚು. ಮೇಲೆ ಕುಳಿತವನಿಗೆ ನಿಂತು ಮೇಯುವ ಜಿಂಕೆಯನ್ನು ನೋಡುವುದಕ್ಕೂ ಆಲೋಚಿಸುವುದಕ್ಕೂ ಸಮಯವಿರುತ್ತದೆ. ಬಾಣ ಬಿಡದಿರುವುದಕ್ಕೂ ಇರುತ್ತದೆ.

ವಿಸ್ಕಾನ್ಸಿನ್‌ನ ಆಲ್ಡೊ ಲಿಯೋಪೋಲ್ಡ್ ಇಲ್ಲಿ ನೆನಪಾಗುತ್ತಾನೆ. ವನ್ಯಪ್ರಾಣಿಗಳ ಕುರಿತು ಪಾಠ ಹೇಳುತ್ತಿದ್ದ ಈ ಪ್ರಾಧ್ಯಾಪಕ ಸ್ವತಃ ಬಿಲ್ಲುಗಾರ, ತನ್ನ ಬಿಲ್ಲನ್ನು ತಾನೇ ಕೆತ್ತಿಕೊಂಡವನು. ತೋಳಗಳನ್ನು ಕೊಂದ ನಾಡಿನಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದು ಕಾಡಿನ ಎಳೆಗಿಡಗಳನ್ನೆಲ್ಲ ಮೇದು ಕೊನೆಗೆ ತಾವೇ ಹಸಿದು ಸಾಯುತ್ತವೆಂದು ಅವನು ಎಚ್ಚರಿಸಿದ. ಹೆಣ್ಣುಜಿಂಕೆಗಳನ್ನೂ ತಗ್ಗಿಸಬೇಕೆಂದು 1940ರ ದಶಕದಲ್ಲಿ ವಾದಿಸಿದಾಗ, ಗಂಡನ್ನು ಮಾತ್ರ ಹೊಡೆಯುವುದನ್ನೇ ಧರ್ಮವೆಂದು ನಂಬಿದ್ದ ಜನ ಅವನ ಮೇಲೆ ಹರಿಹಾಯ್ದರು. ಅವನು ತೀರಿಕೊಂಡದ್ದು 1948ರಲ್ಲಿ. ಇಂದು ಅಮೆರಿಕದ ಜಿಂಕೆಗಳ ಸಂಖ್ಯೆಯನ್ನು ಸುಮಾರು ಮೂರು ಕೋಟಿಯೆಂದು ಅಂದಾಜು ಮಾಡುತ್ತಾರೆ. ಪಟ್ಟಣದ ಹೊರಬಡಾವಣೆಗಳಲ್ಲಿ ಅವು ಹೂದೋಟ ಮೇಯುತ್ತವೆ, ಮೋಟಾರುಗಳಿಗೆ ಅಡ್ಡಬಂದು ತಾವೂ ಸತ್ತು ಜನರನ್ನೂ ಕೊಲ್ಲುತ್ತವೆ. ಅಂಥ ಕಡೆ ಕೋವಿ ಹಾರಿಸುವಂತಿಲ್ಲ. ಹಲವು ಊರುಗಳು ಬಿಲ್ಲುಗಾರರನ್ನು ಕರೆಸಿ, ಮರದ ಮೇಲಿನಿಂದಲೇ ಹೊಡೆಯಬೇಕೆಂದು ಕಟ್ಟುಮಾಡುತ್ತವೆ. ಮೇಲಿನಿಂದ ಬಿಟ್ಟ ಬಾಣ ಗುರಿ ತಪ್ಪಿದರೂ ನೆಲಕ್ಕೆ ನಾಟುತ್ತದೆ, ನೆರೆಮನೆಯ ಅಂಗಳಕ್ಕೆ ಹೋಗುವುದಿಲ್ಲ.

ಒಂದು ಕಾಲದಲ್ಲಿ ತಾಯಿಜಿಂಕೆಯನ್ನು ಬಿಟ್ಟುಕೊಡುವುದು ಅಲ್ಲಿ ಕಾನೂನಾಗಿತ್ತು. ಈಗ ಅದನ್ನು ಹೊಡೆಯಲು ಪರವಾನಗಿ ಕೊಡುತ್ತಾರೆ. ಆದರೂ ಮರಿಗಳೊಡನೆ ಬಂದ ಹೆಣ್ಣನ್ನು ಹಾಗೆಯೇ ಹೋಗಗೊಟ್ಟು, ಬರಿಗೈಯಲ್ಲಿ ಇಳಿದುಬರುವ ಬೇಟೆಗಾರರು ಅಲ್ಲಿಯೂ ಉಂಟು. ಕತ್ತಲು ಕವಿಯುತ್ತಿರುತ್ತದೆ. ಗಂಟೆಗಟ್ಟಲೆ ಕುಳಿತ ಕಾಲುಗಳು ಚಳಿಗೆ ಮರಗಟ್ಟಿರುತ್ತವೆ. ಬಿಲ್ಲನ್ನು ಹಗ್ಗಕ್ಕೆ ಕಟ್ಟಿ ಮೊದಲು ಕೆಳಗಿಳಿಸಿ, ಎದೆಪಟ್ಟಿಯ ಗಂಟನ್ನು ಮುಟ್ಟಿ ನೋಡಿ, ಪಾದದ ಮಣೆಯನ್ನು ಒಂದು ಗೇಣು ಕೆಳಕ್ಕೆ ಸರಿಸುತ್ತಾನೆ.